ಹಳೆಯ ದಾಖಲೆ, ಹೊಸ ಹೆಸರು

‘ದಾಖಲೆ’ ಎಂಬುದು ನಮಗೆ ಕಚೇರಿಯ ದಾರಿಯಿಂದ ಬಂದ ಮಾತು. ಶಾನುಭೋಗರ ಕಡತದಲ್ಲಿ, ನ್ಯಾಯಸ್ಥಾನದಲ್ಲಿ, ಶಾಲೆಯ ರಿಜಿಸ್ಟರಿನಲ್ಲಿ ಬರೆದಿಟ್ಟದ್ದು ದಾಖಲೆ. ಆಮೇಲೆ ಆ ಮಾತು ಆಟದ ಬಯಲಿಗೂ ಇಳಿಯಿತು. ಹಿಂದೆ ಯಾರೂ ಮಾಡದಷ್ಟನ್ನು ಒಬ್ಬ ಆಟಗಾರ ಮಾಡಿದರೆ ಅವನು ದಾಖಲೆ ಸ್ಥಾಪಿಸಿದನೆನ್ನುತ್ತೇವೆ. ಅದಕ್ಕಿಂತ ಒಂದು ಹೆಚ್ಚು ಮಾಡಿದವನು ದಾಖಲೆ ಮುರಿದನೆನ್ನುತ್ತೇವೆ. ಸ್ವಲ್ಪ ನಿಂತು ನೋಡಿದರೆ ಈ ‘ಮುರಿ’ ಎಂಬ ಧಾತು ಇಲ್ಲಿ ವಿಚಿತ್ರವಾಗಿದೆ. ಬರೆದಿಟ್ಟದ್ದನ್ನು ಅಳಿಸಬಹುದು, ಹರಿಯಬಹುದು, ತಿದ್ದಬಹುದು, ಮುರಿಯುವುದು ಹೇಗೆ? ೧೯೨೭ರಲ್ಲಿ ಒಬ್ಬನು ೬೦ ಸಲ ಚೆಂಡನ್ನು ಬೇಲಿಯ ಆಚೆಗೆ ಹೊಡೆದದ್ದು ನಿಜವಾದರೆ, ೧೯೬೧ರಲ್ಲಿ ಇನ್ನೊಬ್ಬನು ೬೧ ಸಲ ಹೊಡೆದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಆ ಸಾಲು ಇದ್ದಲ್ಲಿಯೇ ಇದೆ. ಅದರ ಮೇಲೊಂದು ಸಾಲು ಬಂದಿತು, ಅಷ್ಟೆ. ಆದರೂ ಸಾವಿರಾರು ಜನಕ್ಕೆ ಏನೋ ಮುರಿದಂತೆ ನೋವಾಯಿತು. ಆ ನೋವು ಎಂಥದು, ಅದು ಯಾರ ಮೇಲೆ ಹೋಗಿ ಬಿದ್ದಿತು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದಕ್ಕೆ ಅಮೆರಿಕದ ಬೇಸ್‌ಬಾಲ್ ಆಟವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬೇಸ್‌ಬಾಲ್ ನಮಗೆ ಪರಿಚಿತವಾದ ಕ್ರಿಕೆಟ್ಟಿನ ದಾಯಾದಿ. ಅಲ್ಲಿಯೂ ಚೆಂಡೆಸೆಯುವವನೊಬ್ಬ, ದಾಂಡು ಹಿಡಿದು ನಿಂತವನೊಬ್ಬ. ಹೊಡೆದವನು ಚೌಕವಾಗಿ ಗುರುತಿಸಿದ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ತಂಡಕ್ಕೆ ಒಂದು ಓಟ. ಚೆಂಡು ನೆಲ ಮುಟ್ಟದೆ ಬೇಲಿಯನ್ನು ದಾಟಿತೆಂದರೆ ಅವನು ಯಾರ ಅಡ್ಡಿಯೂ ಇಲ್ಲದೆ ನಾಲ್ಕು ನೆಲೆಗಳನ್ನೂ ಸುತ್ತಿ ಬರಬಹುದು. ಅದಕ್ಕೆ ಹೋಮ್ ರನ್ ಎಂದು ಹೆಸರು. ನಮ್ಮ ಸಿಕ್ಸರಿನ ಹಾಗೆಯೇ. ಆದರೆ ಅದಕ್ಕಿಂತ ಅಪರೂಪ. ವರ್ಷಕ್ಕೆ ಮೂವತ್ತು ಹೋಮ್ ರನ್ ಹೊಡೆದವನು ಅಲ್ಲಿ ಬಲವಾದ ದಾಂಡಿಗನೆನಿಸಿಕೊಳ್ಳುತ್ತಾನೆ.

ಈ ಆಟ ವಸಂತದಲ್ಲಿ ಆರಂಭವಾಗಿ ಶರತ್ಕಾಲದ ವರೆಗೆ ಹೆಚ್ಚು ಕಡಿಮೆ ಪ್ರತಿದಿನವೂ ನಡೆಯುತ್ತದೆ. ಪ್ರತಿಯೊಂದು ಎಸೆತಕ್ಕೂ ಹೊಡೆತಕ್ಕೂ ಲೆಕ್ಕವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೆನ್ರಿ ಚಾಡ್ವಿಕ್ ಎಂಬ ಪತ್ರಿಕಾಕರ್ತನು ಇಡೀ ಪಂದ್ಯವನ್ನು ಅಂಗೈಯಗಲದ ಒಂದು ಕೋಷ್ಟಕದಲ್ಲಿ ಬರೆದಿಡುವ ಪದ್ಧತಿಯನ್ನು ರೂಢಿಗೆ ತಂದನು. ಅಂದಿನಿಂದ ಅಲ್ಲಿಯ ಅಭಿಮಾನಿ ಬೆಳಗಿನ ಪತ್ರಿಕೆಯಲ್ಲಿ ಮೊದಲು ಓದುವುದು ಆ ಕೋಷ್ಟಕವನ್ನು. ಹೀಗಾಗಿ ಕೆಲವು ಸಂಖ್ಯೆಗಳು ಅವನಿಗೆ ಬರಿಯ ಸಂಖ್ಯೆಗಳಾಗಿ ಉಳಿದಿಲ್ಲ; ಮನುಷ್ಯರ ಹೆಸರುಗಳಾಗಿವೆ. ೫೬ ಎಂದರೆ ಸಾಕು, ೧೯೪೧ರ ಬೇಸಗೆಯಲ್ಲಿ ಒಂದೂ ತಪ್ಪದಂತೆ ೫೬ ಪಂದ್ಯಗಳಲ್ಲಿ ಹೊಡೆತ ಗಳಿಸಿದ ಜೋ ಡಿಮ್ಯಾಜಿಯೊ ಕಣ್ಣೆದುರಿಗೆ ನಿಲ್ಲುತ್ತಾನೆ. ಆ ದಾಖಲೆಯನ್ನು ಇದುವರೆಗೂ ಯಾರೂ ದಾಟಿಲ್ಲ. ೬೦ ಮತ್ತು ೭೧೪ ಎಂದರೆ ಬೇಬ್ ರೂತ್. ತಂದೆ ಮಗನಿಗೆ ಇವನ್ನು ಮಗ್ಗಿಯಂತೆ ಕಲಿಸಿರುತ್ತಾನೆ.

ರೂತನು ಮೊದಲು ಬಾಸ್ಟನ್ ತಂಡದವನು, ೧೯೨೦ರಿಂದ ನ್ಯೂಯಾರ್ಕ್ ಯಾಂಕೀಸ್ ತಂಡದವನು. ಅವನ ದಾಂಡಿನಿಂದ ಆಟದ ರೀತಿಯೇ ಬದಲಾಯಿತು. ೧೯೧೯ರಲ್ಲಿ ೨೯, ೧೯೨೦ರಲ್ಲಿ ೫೪, ೧೯೨೧ರಲ್ಲಿ ೫೯, ಕಡೆಗೆ ೧೯೨೭ರಲ್ಲಿ ೬೦ ಹೋಮ್ ರನ್. ೧೯೩೫ರಲ್ಲಿ ಅವನು ಆಟ ಬಿಡುವ ಹೊತ್ತಿಗೆ ಒಟ್ಟು ೭೧೪. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ೧೯೧೯ರಲ್ಲಿ ರೂತನೂ ಒಂದು ಹಳೆಯ ದಾಖಲೆಯನ್ನು ದಾಟಿಯೇ ಮುಂದೆ ಬಂದನು. ಅದು ೧೮೮೪ರಲ್ಲಿ ಶಿಕಾಗೋ ತಂಡದ ನೆಡ್ ವಿಲಿಯಮ್ಸನ್ ಹೊಡೆದ ೨೭. ಆ ವರ್ಷ ಅವನ ಊರಿನ ಮೈದಾನದ ಬೇಲಿ ಬಹಳ ಹತ್ತಿರದಲ್ಲಿತ್ತು. ಹಿಂದಿನ ವರ್ಷ ಎರಡು ನೆಲೆಗೆ ಮಾತ್ರ ಸಮವೆಂದು ಎಣಿಸುತ್ತಿದ್ದ ಹೊಡೆತವನ್ನು ಆ ವರ್ಷ ಹೋಮ್ ರನ್ ಎಂದು ಎಣಿಸಿದರು. ಅಂದರೆ ಹಳೆಯ ದಾಖಲೆ ಹಳೆಯದಾದ ಮಾತ್ರಕ್ಕೆ ಪರಿಶುದ್ಧವಾಗಿರಬೇಕೆಂಬ ನಿಯಮವಿಲ್ಲ. ಆದರೆ ಮುಂದೆ ರೂತನಿಗಾಗಿ ಮರುಗಿದವರಲ್ಲಿ ವಿಲಿಯಮ್ಸನ್ನನ ಹೆಸರು ಎಷ್ಟು ಜನಕ್ಕೆ ನೆನಪಿತ್ತೋ!

ಈಗ ೧೯೬೧ಕ್ಕೆ ಬರೋಣ. ಅದೇ ಯಾಂಕೀಸ್ ತಂಡದಲ್ಲಿ ಇಬ್ಬರು ದಾಂಡಿಗರು ರೂತನ ೬೦ನ್ನು ಬೆನ್ನಟ್ಟಿದರು. ಒಬ್ಬನು ಮಿಕಿ ಮ್ಯಾಂಟಲ್. ಆ ತಂಡದಲ್ಲಿಯೇ ಬೆಳೆದವನು, ಜನರ ಕಣ್ಮಣಿ. ಇನ್ನೊಬ್ಬನು ರೋಜರ್ ಮಾರಿಸ್. ನಾರ್ತ್ ಡಕೋಟದ ಚಳಿಯ ಸೀಮೆಯಲ್ಲಿ ಬೆಳೆದವನು, ಕ್ಯಾನ್ಸಸ್ ಸಿಟಿಯ ತಂಡದಿಂದ ಬಂದು ಎರಡನೆಯ ವರ್ಷ. ಮಾತು ಕಡಿಮೆ, ಪತ್ರಿಕೆಯವರ ಮುಂದೆ ನಗುನಗುತ್ತ ನಿಲ್ಲುವ ಕಲೆ ಅವನಿಗೆ ಬಾರದು. ದಾಖಲೆ ಹೋಗುವುದೇ ಆದರೆ ಅದು ಮ್ಯಾಂಟಲನಿಂದ ಹೋಗಲಿ ಎಂದು ನ್ಯೂಯಾರ್ಕಿನ ಜನ ಆಸೆಪಟ್ಟರು. ಸೆಪ್ಟೆಂಬರಿನಲ್ಲಿ ಮ್ಯಾಂಟಲನು ಅಸ್ವಸ್ಥನಾಗಿ ೫೪ಕ್ಕೆ ನಿಂತನು. ಉಳಿದವನು ಯಾರಿಗೂ ಬೇಡವಾದ ಮಾರಿಸ್.

ಇದಕ್ಕೆ ಒಂದು ಲೆಕ್ಕದ ತೊಡಕೂ ಸೇರಿಕೊಂಡಿತು. ಅದುವರೆಗೆ ಆ ಕೂಟದಲ್ಲಿ ಎಂಟು ತಂಡಗಳಿದ್ದವು. ಒಂದೊಂದು ತಂಡವೂ ಉಳಿದ ಏಳು ತಂಡಗಳೊಡನೆ ೨೨ ಸಲದಂತೆ ವರ್ಷಕ್ಕೆ ೧೫೪ ಪಂದ್ಯಗಳನ್ನು ಆಡುತ್ತಿತ್ತು. ೧೯೬೧ರಲ್ಲಿ ತಂಡಗಳು ಹತ್ತಾದವು. ಒಂಬತ್ತು ಎದುರಾಳಿಗಳೊಡನೆ ೧೮ ಸಲದಂತೆ ೧೬೨ ಪಂದ್ಯಗಳಾದವು. ಎಂಟು ಪಂದ್ಯಗಳು ಹೆಚ್ಚು! ರೂತನಿಗೆ ಇಲ್ಲದ ಅನುಕೂಲ ಇವನಿಗೇಕೆ ಎಂದು ಕೂಗೆದ್ದಿತು. ಆಗ ಆಟದ ಕಮಿಷನರ್ ಆಗಿದ್ದವನು ಫೋರ್ಡ್ ಫ್ರಿಕ್. ಅವನು ಹಿಂದೆ ಪತ್ರಿಕಾಕರ್ತನಾಗಿದ್ದಾಗ ರೂತನ ಹೆಸರಿನಲ್ಲಿ ಲೇಖನಗಳನ್ನು ಬರೆದುಕೊಡುತ್ತಿದ್ದವನು, ರೂತನ ಸ್ನೇಹಿತ. ಜುಲೈ ತಿಂಗಳಲ್ಲಿ, ಪಂದ್ಯಗಳು ನಡೆಯುತ್ತಿರುವಾಗಲೇ, ಅವನೊಂದು ತೀರ್ಪು ಕೊಟ್ಟನು. ೧೫೪ ಪಂದ್ಯಗಳೊಳಗೆ ೬೦ನ್ನು ದಾಟಿದರೆ ಸರಿ. ಆಮೇಲೆ ದಾಟಿದರೆ ಪುಸ್ತಕದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸತಕ್ಕದ್ದು. ಆ ಗುರುತು ನಕ್ಷತ್ರಚಿಹ್ನೆಯೆಂದು ಜನರ ಬಾಯಲ್ಲಿ ನಿಂತಿತು. ನಿಜವಾಗಿ ಅಧಿಕೃತ ಪುಸ್ತಕದಲ್ಲಿ ಅಂಥ ನಕ್ಷತ್ರ ಎಂದೂ ಅಚ್ಚಾಗಲಿಲ್ಲ; ಎರಡು ಸಾಲುಗಳನ್ನು ಬೇರೆ ಬೇರೆ ಹಾಕಿದರು. ಆದರೆ ಜನ ತಮ್ಮ ಮನಸ್ಸಿನಲ್ಲಿ ಅಚ್ಚು ಹಾಕಿಕೊಂಡ ನಕ್ಷತ್ರವನ್ನು ಒರೆಸುವವರು ಯಾರು?

ಎಂಟು ಪಂದ್ಯಗಳ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಒಂದು ಅಳತೆಯನ್ನು ಇನ್ನೊಂದರೊಡನೆ ಹೋಲಿಸುವಾಗ ಅಳೆಯುವ ಕೋಲು ಒಂದೇ ಆಗಿರಬೇಕು ಎಂಬುದು ನ್ಯಾಯವೇ. ಆದರೆ ದಾಂಡು ಹಿಡಿದು ನಿಂತ ಸರದಿಗಳನ್ನು ಎಣಿಸಿದರೆ ಇಬ್ಬರೂ ೬೦ನ್ನು ಮುಟ್ಟಿದ್ದು ಹೆಚ್ಚು ಕಡಿಮೆ ಅಷ್ಟೇ ಸರದಿಗಳಲ್ಲಿ. ಇದನ್ನು ಎಣಿಸಿ ನೋಡುವ ತಾಳ್ಮೆ ಆಗ ಕೆಲವರಿಗೆ ಮಾತ್ರ ಇತ್ತು. ನೋವು ಮೊದಲು ಹುಟ್ಟಿತು, ವಾದ ಆಮೇಲೆ ಬಂದಿತು.

ಆ ನೋವೆಲ್ಲ ಒಬ್ಬ ಮನುಷ್ಯನ ಮೇಲೆ ಬಿದ್ದಿತು. ದಿನದಿನವೂ ಪತ್ರಿಕೆಯವರ ಪ್ರಶ್ನೆ, ಮೈದಾನದಲ್ಲಿ ತನ್ನ ಊರಿನವರದೇ ಅಪಹಾಸ್ಯ. ಆ ಸೆಪ್ಟೆಂಬರಿನಲ್ಲಿ ಮಾರಿಸನ ತಲೆಗೂದಲು ಹಿಡಿಹಿಡಿಯಾಗಿ ಉದುರಿತು. ಆಗ ಅವನಿಗೆ ಇಪ್ಪತ್ತೇಳು ವರ್ಷ. ೧೫೪ ಪಂದ್ಯಗಳ ಗಡುವು ಮುಗಿದ ದಿನ ಆಟ ನಡೆದದ್ದು ಬಾಲ್ಟಿಮೋರಿನಲ್ಲಿ. ರೂತನು ಹುಟ್ಟಿದ ಊರೇ ಅದು. ಅಂದಿಗೆ ಮಾರಿಸನ ಲೆಕ್ಕ ೫೯. ಅಕ್ಟೋಬರ್ ೧ರಂದು, ವರ್ಷದ ಕಟ್ಟಕಡೆಯ ಪಂದ್ಯದಲ್ಲಿ, ಬಾಸ್ಟನ್ ತಂಡದ ಟ್ರೇಸಿ ಸ್ಟಾಲರ್ಡನ ಎಸೆತಕ್ಕೆ ೬೧ನೆಯದು ಬೇಲಿಯನ್ನು ದಾಟಿತು. ಆ ಪಂದ್ಯದಲ್ಲಿ ಬಂದ ಓಟ ಅದೊಂದೇ. ತಂಡ ಗೆದ್ದದ್ದು ಅದರಿಂದಲೇ. ಜೊತೆಯ ಆಟಗಾರರು ನಾಚಿ ಕುಳಿತವನನ್ನು ಹೊರಕ್ಕೆ ತಳ್ಳಿ, ಟೋಪಿ ತೆಗೆದು ಜನಕ್ಕೆ ವಂದಿಸುವಂತೆ ಮಾಡಿದರು. ಆದರೆ ಜನ ಎಲ್ಲಿದ್ದರು? ಅರುವತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಆ ಮೈದಾನದಲ್ಲಿ ಅಂದು ಇದ್ದವರು ೨೩,೧೫೪ ಮಂದಿ.

ಇದು ಒಂದು ವರ್ಷದ ಲೆಕ್ಕವಾಯಿತು. ಇಡೀ ಆಟದ ಜೀವನದ ಲೆಕ್ಕವಾದ ೭೧೪ ಇನ್ನೂ ಉಳಿದಿತ್ತಷ್ಟೆ. ಅದನ್ನು ಮುಟ್ಟಲು ಬಂದವನು ಹ್ಯಾಂಕ್ ಆರನ್. ಅಲಬಾಮದ ಮೊಬೀಲ್ ಎಂಬಲ್ಲಿ ೧೯೩೪ರಲ್ಲಿ ಹುಟ್ಟಿದ ಕರಿಯ ಜನಾಂಗದವನು. ಮೊದಲು ಆಡಿದ್ದು ಕರಿಯರ ಬೇರೆ ಕೂಟದಲ್ಲಿ. ೧೯೫೪ರಿಂದ ವರ್ಷವರ್ಷವೂ ಸದ್ದಿಲ್ಲದೆ ಮೂವತ್ತು, ನಲವತ್ತು ಎಂದು ಕೂಡಿಸುತ್ತ ೧೯೭೩ರ ಕೊನೆಗೆ ೭೧೩ಕ್ಕೆ ಬಂದು ನಿಂತನು. ಇನ್ನೊಂದು ಹೊಡೆತಕ್ಕೆ ರೂತನ ಸಮ. ನಡುವೆ ಒಂದು ಚಳಿಗಾಲ. ಆ ವರ್ಷ ಅವನಿಗೆ ಬಂದ ಪತ್ರಗಳು ಒಂಬತ್ತು ಲಕ್ಷವನ್ನು ಮೀರಿದವು. ಅವುಗಳಲ್ಲಿ ಕೊಲ್ಲುತ್ತೇವೆಂದು ಬೆದರಿಸಿದ ಪತ್ರಗಳಿದ್ದವು. ಅವನ ಬಣ್ಣವನ್ನು ಹಳಿದವು ಎಷ್ಟೋ. ಅವನಿಗೆ ಕಾವಲುಗಾರನನ್ನು ಇಡಬೇಕಾಯಿತು. ಈ ಸುದ್ದಿ ಹೊರಬಿದ್ದ ಮೇಲೆ ಅವನನ್ನು ಹರಸಿ ಬರೆದವರ ಪತ್ರಗಳು ರಾಶಿರಾಶಿಯಾಗಿ ಬಂದವು ಎಂಬುದನ್ನೂ ಹೇಳಬೇಕು. ಅಭಿಮಾನಿಗಳೆಲ್ಲ ಒಂದೇ ಬಗೆಯವರಲ್ಲ. ೧೯೭೪ರ ಏಪ್ರಿಲ್ ೮ರಂದು ಅಟ್ಲಾಂಟದಲ್ಲಿ ೫೩,೦೦೦ಕ್ಕೂ ಹೆಚ್ಚು ಜನರ ಮುಂದೆ ೭೧೫ನೆಯದು ಬೇಲಿಯನ್ನು ದಾಟಿತು. ತಾಯಿ ಓಡಿ ಬಂದು ಮಗನನ್ನು ತಬ್ಬಿ ಹಿಡಿದಳು. ಆಟದ ಕಮಿಷನರ್ ಮಾತ್ರ ಅಂದು ಅಲ್ಲಿರಲಿಲ್ಲ.

ಇಲ್ಲಿಯೂ ಲೆಕ್ಕದ ವಾದವಿತ್ತು. ರೂತನಿಗಿಂತ ಆರನ್ನನು ಸಾವಿರಾರು ಸಲ ಹೆಚ್ಚಾಗಿ ದಾಂಡು ಹಿಡಿದು ನಿಂತಿದ್ದಾನೆ ಎಂದರು. ನಿಜ. ಆದರೆ ರೂತನ ಕಾಲದಲ್ಲಿ ಆ ದೊಡ್ಡ ಕೂಟಗಳೊಳಕ್ಕೆ ಕರಿಯ ಆಟಗಾರನಿಗೆ ಪ್ರವೇಶವೇ ಇರಲಿಲ್ಲ. ಅಂದರೆ ದೇಶದ ಒಳ್ಳೆಯ ಎಸೆತಗಾರರಲ್ಲಿ ಒಂದು ಪಾಲನ್ನು ರೂತನು ಅಲ್ಲಿ ಎದುರಿಸಲೇ ಇಲ್ಲ. ಆರನ್ನನ ಸರದಿಗಳನ್ನು ಎಣಿಸಿದವರು ಇದನ್ನು ಎಣಿಸಲಿಲ್ಲ. ತಕ್ಕಡಿಯ ಒಂದು ತಟ್ಟೆಗೆ ಮಾತ್ರ ಕಲ್ಲು ಹಾಕಿ ತೂಗಿದ ಹಾಗಾಯಿತು.

ಹಾಗಾದರೆ ಈ ಅಭಿಮಾನಿಗಳೆಲ್ಲ ಕೆಟ್ಟವರೇ? ಹಾಗೆನ್ನುವುದು ಸುಲಭ, ಸರಿಯಲ್ಲ. ಬೆದರಿಕೆ ಬರೆದವನ ಮಾತು ಬಿಡಿ, ಅವನಿಗೆ ಆಟವೊಂದು ನೆವ. ಆದರೆ ಯಾರನ್ನೂ ದ್ವೇಷಿಸದೆ, ಸುಮ್ಮನೆ ಕುಳಿತು ಎದೆಯಲ್ಲಿ ಒಂದು ಸಂಕಟವನ್ನು ಅನುಭವಿಸಿದವರು ಅಸಂಖ್ಯರು. ಹುಡುಗನಾಗಿದ್ದಾಗ ತಂದೆಯ ಕೈಹಿಡಿದು ಹೋಗಿ ರೂತನನ್ನು ನೋಡಿದವನೊಬ್ಬನನ್ನು ಊಹಿಸಿಕೊಳ್ಳಿ. ತಂದೆ ತೀರಿಕೊಂಡಿದ್ದಾನೆ, ರೂತನೂ ೧೯೪೮ರಲ್ಲಿ ತೀರಿಕೊಂಡ. ಆ ದಿನದ ಕುರುಹಾಗಿ ಉಳಿದದ್ದು ೬೦ ಎಂಬ ಒಂದು ಸಂಖ್ಯೆ. ಪುಸ್ತಕದ ತಲೆಯ ಮೇಲೆ ಆ ಸಂಖ್ಯೆ ಇರುವ ವರೆಗೆ ತನ್ನ ಬಾಲ್ಯಕ್ಕೂ ಒಂದು ಸಾಕ್ಷಿಯಿದೆಯೆಂದು ಅವನಿಗೆ ಧೈರ್ಯ. ಅದು ಎರಡನೆಯ ಸಾಲಿಗೆ ಇಳಿದಾಗ ತನಗೇ ವಯಸ್ಸಾಯಿತೆಂದು ಯಾರೋ ಸಾರಿದಂತಾಗುತ್ತದೆ. ಈ ದುಃಖ ಪ್ರಾಮಾಣಿಕವಾದದ್ದು, ಗೌರವಕ್ಕೆ ಯೋಗ್ಯವಾದದ್ದು. ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ: ಕಾಲ ಮಾಡಿದ ಕೆಲಸಕ್ಕೆ ಒಬ್ಬ ಹುಡುಗನನ್ನು ಹೊಣೆ ಮಾಡುವುದರಲ್ಲಿ.

ಈ ತಪ್ಪು ಆಟದ ಬಯಲಿನಲ್ಲಿಯೇ ಹುಟ್ಟಿದ್ದಲ್ಲ. ಹಳೆಯ ಹೆಸರಾಂತ ಕವಿಗಳನ್ನು ಬಿಟ್ಟು ಈ ಹೊಸಬನ ನಾಟಕವನ್ನು ಏಕೆ ಆಡಬೇಕು ಎಂಬ ಶಂಕೆಗೆ ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಕಾಳಿದಾಸನೇ ಉತ್ತರ ಹೇಳಿಕೊಳ್ಳಬೇಕಾಯಿತು. ಭಾಸ, ಸೌಮಿಲ್ಲಕ, ಕವಿಪುತ್ರರ ಮುಂದೆ ಕಾಳಿದಾಸನೇ ಹೊಸಬ! ಇಂದು ಹೊಸ ಕವಿಯನ್ನು ಅಳೆಯಲು ನಾವು ಎತ್ತಿಕೊಳ್ಳುವ ಕೋಲು ಅದೇ ಕಾಳಿದಾಸ. ನಿನ್ನೆ ಹಳಿಸಿಕೊಂಡ ಹೊಸಬನು ಇಂದು ನಾವು ಕಾಪಾಡುವ ಹಳಬನಾಗುತ್ತಾನೆ. ಬೇಸ್‌ಬಾಲಿನಲ್ಲಿ ಇದು ನಡೆಯುವುದಕ್ಕೆ ನಲವತ್ತು ವರ್ಷವೂ ಹಿಡಿಯಲಿಲ್ಲ. ಅದನ್ನು ಹೇಳುವ ಮುನ್ನ, ದಾಖಲೆಯೊಂದು ಹೋದಾಗ ಜನ ಸಂತೋಷಪಟ್ಟ ಎರಡು ಸಂದರ್ಭಗಳನ್ನು ನೋಡೋಣ.

ಲೂ ಗೆರಿಗ್ ರೂತನ ಜೊತೆಯ ಆಟಗಾರ. ೧೯೨೫ರಿಂದ ೧೯೩೯ರ ವರೆಗೆ ಒಂದು ದಿನವೂ ತಪ್ಪದೆ ೨,೧೩೦ ಪಂದ್ಯಗಳನ್ನು ಆಡಿದನು. ನರಗಳ ಘೋರವ್ಯಾಧಿಯೊಂದು ಅವನನ್ನು ನಿಲ್ಲಿಸಿತು, ೧೯೪೧ರಲ್ಲಿ ತೀರಿಕೊಂಡನು. ಆ ೨,೧೩೦ರ ಮೇಲೆ ಅಷ್ಟು ಕಣ್ಣೀರು ಬಿದ್ದಿತ್ತು. ೧೯೯೫ರ ಸೆಪ್ಟೆಂಬರ್ ೬ರಂದು ಬಾಲ್ಟಿಮೋರಿನ ಕ್ಯಾಲ್ ರಿಪ್ಕನ್ ೨,೧೩೧ನೆಯ ಪಂದ್ಯವನ್ನು ಆಡಿದನು. ಗೆರಿಗನ ಗೌರವಾರ್ಥವಾಗಿ ಸಮಕ್ಕೆ ನಿಂತುಬಿಡಬಾರದೆ ಎಂದವರೂ ಇದ್ದರು. ಆದರೆ ಅಂದು ಪಂದ್ಯದ ನಡುವೆ ಆ ಸಂಖ್ಯೆ ಮೈದಾನದಾಚೆಯ ಹಳೆಯ ಉಗ್ರಾಣದ ಗೋಡೆಯ ಮೇಲೆ ಇಳಿದಾಗ ಜನ ಎದ್ದು ನಿಂತು ಇಪ್ಪತ್ತೆರಡು ನಿಮಿಷ ಚಪ್ಪಾಳೆ ತಟ್ಟಿದರು. ರಿಪ್ಕನ್ನನು ಮೈದಾನದ ಸುತ್ತ ಓಡಿ ಸಿಕ್ಕಿದವರ ಕೈಯನ್ನೆಲ್ಲ ಮುಟ್ಟಿದನು. ಗೆರಿಗನ ಜೊತೆ ಆಡಿದ್ದ ಡಿಮ್ಯಾಜಿಯೊ, ಆಗ ಎಂಬತ್ತು ವರ್ಷದ ಮುದುಕ, ಅಲ್ಲಿದ್ದು ಹರಸಿದನು. ಹಿಂದಿನ ವರ್ಷ ಆಟಗಾರರ ಮುಷ್ಕರದಿಂದ ಪಂದ್ಯಗಳು ನಿಂತುಹೋಗಿ ಜನರ ಮನಸ್ಸು ಮುರಿದಿತ್ತು. ಅದನ್ನು ಕೂಡಿಸಿದ್ದು ಈ ದಾಖಲೆ.

ಇನ್ನೊಂದು ೨೦೦೪ರದು. ಒಂದೇ ವರ್ಷದಲ್ಲಿ ೨೫೭ ಹೊಡೆತಗಳನ್ನು ಗಳಿಸಿದ ದಾಖಲೆ ೧೯೨೦ರಿಂದ ಜಾರ್ಜ್ ಸಿಸ್ಲರನ ಹೆಸರಿನಲ್ಲಿತ್ತು. ಸಿಸ್ಲರ್ ಯಾರೆಂದು ಬಹಳ ಜನ ಮರೆತಿದ್ದರು. ಜಪಾನಿನಿಂದ ಬಂದ ಇಚಿರೊ ಸುಜುಕಿ ೮೪ ವರ್ಷಗಳ ಮೇಲೆ ಅದನ್ನು ದಾಟಿ ೨೬೨ಕ್ಕೆ ನಿಲ್ಲಿಸಿದನು. ದಾಟಿದ ದಿನ ಸಿಯಾಟಲಿನ ಮೈದಾನದಲ್ಲಿ ಸಿಸ್ಲರನ ಮಗಳು, ಎಂಬತ್ತು ದಾಟಿದ ಹೆಂಗಸು, ಬಂದು ಕುಳಿತಿದ್ದಳು. ಇಚಿರೊ ಅವಳಿದ್ದಲ್ಲಿಗೆ ಹೋಗಿ ಕೈಮುಟ್ಟಿ ವಂದಿಸಿದನು. ಐದು ವರ್ಷಗಳ ಮೇಲೆ ಸೇಂಟ್ ಲೂಯಿಗೆ ಹೋದಾಗ ಸಿಸ್ಲರನ ಸಮಾಧಿಯನ್ನು ಹುಡುಕಿಕೊಂಡು ಹೋಗಿ ಹೂವಿಟ್ಟು ಬಂದನು. ಮರೆತುಹೋಗಿದ್ದ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂದದ್ದು ದಾಖಲೆ ಉಳಿದದ್ದರಿಂದಲ್ಲ, ಅದು ಹೋದದ್ದರಿಂದ. ಹಿರಿಯನ ಎದುರಿಗೆ ಬಾಗಿ ಅವನನ್ನು ದಾಟಿದವನನ್ನು ಕಂಡು ಅಭಿಮಾನಿಯ ಎದೆ ನೋಯುವುದಿಲ್ಲ.

ಈಗ ಮಾರಿಸನ ಕಥೆಯ ಉಳಿದ ಭಾಗಕ್ಕೆ ಬರೋಣ. ಅವನು ೧೯೮೫ರ ಡಿಸೆಂಬರಿನಲ್ಲಿ, ೫೧ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡನು. ಪುಸ್ತಕದಲ್ಲಿದ್ದ ಎರಡು ಸಾಲುಗಳನ್ನು ತೆಗೆದು ೬೧ ಒಂದೇ ದಾಖಲೆಯೆಂದು ಆಟದ ಅಧಿಕಾರಿಗಳು ತೀರ್ಮಾನಿಸಿದ್ದು ೧೯೯೧ರಲ್ಲಿ. ಆರು ವರ್ಷ ತಡ. ೧೯೯೮ರಲ್ಲಿ ಮಾರ್ಕ್ ಮೆಗ್ವಾಯರ್, ಸ್ಯಾಮಿ ಸೋಸಾ ಎಂಬಿಬ್ಬರು ೬೧ನ್ನು ಬೆನ್ನಟ್ಟಿದರು. ದೇಶಕ್ಕೆ ದೇಶವೇ ಸಂಭ್ರಮಿಸಿತು. ೬೨ನೆಯದನ್ನು ಹೊಡೆದ ಮೆಗ್ವಾಯರ್ ಮಾರಿಸನ ಮಕ್ಕಳು ಕುಳಿತಿದ್ದೆಡೆಗೆ ಹೋಗಿ ಅವರನ್ನು ತಬ್ಬಿಕೊಂಡನು. ಆ ವರ್ಷ ಅವನ ಲೆಕ್ಕ ೭೦, ಸೋಸಾನದು ೬೬. ಮೂರೇ ವರ್ಷಗಳಲ್ಲಿ, ೨೦೦೧ರಲ್ಲಿ, ಬ್ಯಾರಿ ಬಾಂಡ್ಸ್ ೭೩ ಹೊಡೆದನು. ೩೪ ವರ್ಷ ನಿಂತಿದ್ದ ೬೦, ೩೭ ವರ್ಷ ನಿಂತಿದ್ದ ೬೧. ಅವುಗಳ ಮುಂದೆ ೭೦ ನಿಂತದ್ದು ಮೂರು ವರ್ಷ. ಅಭಿಮಾನಿಗಳಿಗೆ ಅನುಮಾನ ಬಂದಿತು. ದೇಹಬಲವನ್ನು ಕೃತಕವಾಗಿ ಹೆಚ್ಚಿಸುವ ಸ್ಟೀರಾಯ್ಡ್ ಔಷಧಗಳ ಕಥೆ ಒಂದೊಂದಾಗಿ ಹೊರಬಿದ್ದಿತು. ತಾನು ಅವನ್ನು ಬಳಸಿದ್ದು ನಿಜವೆಂದು ಮೆಗ್ವಾಯರ್ ೨೦೧೦ರಲ್ಲಿ ಒಪ್ಪಿಕೊಂಡನು. ಬಾಂಡ್ಸನು ತಿಳಿದು ಬಳಸಲಿಲ್ಲವೆಂದೇ ಹೇಳಿದನು, ಜನ ನಂಬಲಿಲ್ಲ.

೨೦೦೭ರ ಆಗಸ್ಟ್ ೭ರಂದು ಬಾಂಡ್ಸನು ಆರನ್ನನ ೭೫೫ನ್ನೂ ದಾಟಿದನು. ಸ್ಯಾನ್ ಫ್ರಾನ್ಸಿಸ್ಕೋದ ಅವನ ಊರಿನವರು ಕುಣಿದರು. ಉಳಿದ ಊರುಗಳಲ್ಲಿ ಮೌನ, ಇಲ್ಲವೆ ಕೂಗಾಟ. ಆರನ್ ಅಲ್ಲಿಗೆ ಹೋಗಿರಲಿಲ್ಲ. ಆದರೆ ಮೊದಲೇ ಚಿತ್ರಿಸಿ ಕಳುಹಿಸಿದ್ದ ಅವನ ಅಭಿನಂದನೆಯ ಮಾತು ಮೈದಾನದ ದೊಡ್ಡ ಪರದೆಯ ಮೇಲೆ ಮೂಡಿತು. ಆ ೭೫೬ನೆಯ ಚೆಂಡನ್ನು ಉಡುಪು ವ್ಯಾಪಾರಿಯೊಬ್ಬನು ಏಳೂವರೆ ಲಕ್ಷ ಡಾಲರಿಗೂ ಮಿಗಿಲಾಗಿ ಕೊಟ್ಟು ಕೊಂಡನು. ಇದನ್ನು ಏನು ಮಾಡಲಿ, ಹಾಗೆಯೇ ವಸ್ತುಸಂಗ್ರಹಾಲಯಕ್ಕೆ ಕೊಡಲೆ, ನಕ್ಷತ್ರಚಿಹ್ನೆ ಒತ್ತಿ ಕೊಡಲೆ, ಇಲ್ಲವೆ ಅಂತರಿಕ್ಷಕ್ಕೆ ಹಾರಿಸಿಬಿಡಲೆ ಎಂದು ಜನರ ಮತ ಕೇಳಿದನು. ನಕ್ಷತ್ರಚಿಹ್ನೆಗೆ ಹೆಚ್ಚು ಮತ ಬಂದಿತು. ಹಾಗೆ ಗುರುತು ಕೊರೆದ ಆ ಚೆಂಡು ಇಂದು ಕೂಪರ್ಸ್‌ಟೌನಿನ ಬೇಸ್‌ಬಾಲ್ ಸಂಗ್ರಹಾಲಯಕ್ಕೆ ಸೇರಿದೆ. ಮಾರಿಸನ ಹೆಸರಿನ ಪಕ್ಕದಲ್ಲಿ ಎಂದೂ ಅಚ್ಚಾಗದೆ ಹೋದ ನಕ್ಷತ್ರ ನಲವತ್ತಾರು ವರ್ಷಗಳ ಮೇಲೆ ಒಂದು ಚೆಂಡಿನ ಮೇಲೆ ಬಂದು ಕುಳಿತಿತು.

ಇಲ್ಲಿ ಅಭಿಮಾನಿಯ ನೋವಿಗೆ ಬೇರೆ ಆಧಾರವುಂಟು. ಪರೀಕ್ಷೆಯಲ್ಲಿ ನಕಲು ಮಾಡಿ ಮೊದಲನೆಯವನಾದವನನ್ನು ಕಂಡರೆ ಎರಡನೆಯವನ ತಾಯಿಗೆ ಆಗುವ ನೋವು ಅದು. ಅದನ್ನು ಮತ್ಸರವೆನ್ನಲಾಗದು. ಆದರೆ ಈ ಸಂದರ್ಭದಲ್ಲಿ ಜನ ಯಾವುದನ್ನು ಎತ್ತಿ ಹಿಡಿದರು ನೋಡಿ: ಮಾರಿಸನ ೬೧ನ್ನು, ಆರನ್ನನ ೭೫೫ನ್ನು! ನಿಜವಾದ ದಾಖಲೆ ೬೧ ಎಂದರು. ನಿಜವಾದ ದೊರೆ ಆರನ್ ಎಂದರು. ಯಾವ ೬೧ರ ಪಕ್ಕದಲ್ಲಿ ನಕ್ಷತ್ರವನ್ನು ಕಲ್ಪಿಸಿದ್ದರೋ, ಯಾವ ೭೧೫ಕ್ಕಾಗಿ ಬೆದರಿಕೆಯ ಪತ್ರ ಹೋಗಿದ್ದಿತೋ, ಅವೇ ಈಗ ಪವಿತ್ರವಾದವು. ೨೦೨೨ರ ಅಕ್ಟೋಬರ್ ೪ರಂದು ಯಾಂಕೀಸ್ ತಂಡದ ಜಡ್ಜ್ ಎಂಬ ಆಟಗಾರನು ೬೨ ಹೊಡೆದು ಆ ಕೂಟದಲ್ಲಿ ಮಾರಿಸನನ್ನು ದಾಟಿದಾಗ, ಮಾರಿಸನ ಮಗನೇ ಇವನನ್ನು ನಿಜವಾದ ದಾಖಲೆಯ ಒಡೆಯನೆಂದು ಕೊಂಡಾಡಿದನು. ಜಡ್ಜನು ಮಾತ್ರ, ತನ್ನ ಮಟ್ಟಿಗೆ ದಾಖಲೆ ೭೩ ಎಂದುಬಿಟ್ಟನು. ಅವನ ಮಾತಿನಲ್ಲಿ ಒಂದು ದೊಡ್ಡತನವಿದೆ: ಬರೆದ ಸಾಲನ್ನು ತನ್ನ ಲಾಭಕ್ಕಾಗಿ ಅಳಿಸುವುದಕ್ಕೆ ಅವನು ಒಪ್ಪಲಿಲ್ಲ.

ದಾಖಲೆಯ ಪುಸ್ತಕ ನಾವು ಎಣಿಸಿದಷ್ಟು ಪೂರ್ಣವೂ ಅಲ್ಲ. ಹಿಂದೆ ಹೇಳಿದ ಕರಿಯರ ಕೂಟಗಳ ಅಂಕಿಗಳನ್ನು ೨೦೨೪ರ ಮೇ ತಿಂಗಳಲ್ಲಿ ದೊಡ್ಡ ಕೂಟಗಳ ಅಂಕಿಗಳೊಡನೆ ಸೇರಿಸಿದರು. ಸಾವಿರ ಸರದಿಗಳಿಗೆ ಇಷ್ಟು ಹೊಡೆತ ಎಂಬ ಜೀವಮಾನದ ಸರಾಸರಿಯಲ್ಲಿ, ೧೯೨೮ರಲ್ಲಿ ನಿವೃತ್ತನಾದ ಟೈ ಕಾಬ್ ೩೬೭ರೊಡನೆ ಅದುವರೆಗೆ ಮೊದಲಿಗನಾಗಿದ್ದನು. ಆ ದಿನ ೩೭೨ರೊಡನೆ ಜಾಷ್ ಗಿಬ್ಸನ್ ಮೊದಲನೆಯವನಾದನು. ಗಿಬ್ಸನ್ ತೀರಿಕೊಂಡದ್ದು ೧೯೪೭ರ ಜನವರಿಯಲ್ಲಿ. ಜಾಕಿ ರಾಬಿನ್ಸನ್ ದೊಡ್ಡ ಕೂಟದಲ್ಲಿ ಆಡಿ ಬಣ್ಣದ ಬೇಲಿಯನ್ನು ಒಡೆದದ್ದು ಅದೇ ವರ್ಷದ ಏಪ್ರಿಲಿನಲ್ಲಿ. ಮೂರು ತಿಂಗಳ ಅಂತರ! ಆ ಕೂಟಗಳಲ್ಲಿ ವರ್ಷಕ್ಕೆ ಪಂದ್ಯಗಳು ಕಡಿಮೆ, ಉಳಿದಿರುವ ಕಾಗದಪತ್ರಗಳೂ ಅಪೂರ್ಣ, ಹೋಲಿಕೆ ಹೇಗೆ ಎಂದು ಕೆಲವರು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಅರ್ಥವಿಲ್ಲದಿಲ್ಲ. ಆದರೆ ಕಡಿಮೆ ಆಡಿದ್ದು ಗಿಬ್ಸನ್ನನ ತಪ್ಪೇ? ಬಾಗಿಲು ಮುಚ್ಚಿದವರೇ, ನೀನು ಒಳಗೆ ಬರಲಿಲ್ಲವಲ್ಲ ಎಂದು ಕೇಳಿದಂತಾಗುತ್ತದೆ. ಸತ್ತು ಎಪ್ಪತ್ತೇಳು ವರ್ಷಗಳಾದ ಮೇಲೆ ಒಬ್ಬನು ಯಾರ ದಾಖಲೆಯನ್ನೂ ಮುರಿಯಲಾರ. ಬರೆಯದೆ ಬಿಟ್ಟಿದ್ದ ಸಾಲನ್ನು ಬರೆದರು, ಅಷ್ಟೆ.

ನಾನು ಆಟಗಾರನಲ್ಲ, ಮೇಷ್ಟರು. ವರ್ಷವರ್ಷವೂ ಹಳೆಯ ಹುಡುಗರನ್ನು ಕಳುಹಿಸಿ ಹೊಸಬರನ್ನು ಬರಮಾಡಿಕೊಳ್ಳುವವರು ನಾವು. ಹೋದ ವರ್ಷದ ಜಾಣನಂಥವನು ಇನ್ನು ಬರಲಾರನೆಂದು ಪ್ರತಿ ಜೂನ್ ತಿಂಗಳಿನಲ್ಲಿಯೂ ನನಗೆ ಅನ್ನಿಸಿದೆ. ಹಾಗೆ ಅನ್ನಿಸುವುದು ಸಹಜ. ಆದರೆ ಆ ಮಾತನ್ನು ಎದುರಿಗೆ ಕುಳಿತ ಹೊಸ ಹುಡುಗನ ಮುಖದ ಮೇಲೆ ಆಡಿದರೆ ಅದು ಅನ್ಯಾಯ. ಹೋದವನ ನೆನಪು ನನ್ನದು; ಅದರ ಭಾರವನ್ನು ಇವನೇಕೆ ಹೊರಬೇಕು?

ಹಳೆಯ ದಾಖಲೆ ಹೋದಾಗ ಮರುಗಬೇಡಿ ಎಂದು ನಾನು ಹೇಳುವುದಿಲ್ಲ. ಮರುಗಬಲ್ಲವನೇ ಆಟವನ್ನು ಪ್ರೀತಿಸಿದವನು. ಮೋಸದಿಂದ ಬಂದ ದಾಖಲೆಯನ್ನು ಒಪ್ಪಿಕೊಳ್ಳಿ ಎಂದೂ ಹೇಳುವುದಿಲ್ಲ. ಆದರೆ ಬಂದವನು ಬೆವರು ಸುರಿಸಿಯೇ ಬಂದವನಾದರೆ, ಅವನಿಗೆ ಸಲ್ಲಬೇಕಾದದ್ದನ್ನು ಅವನು ಬದುಕಿರುವಾಗಲೇ ಸಲ್ಲಿಸುವುದು ಒಳ್ಳೆಯದು. ಇಂದು ಬೇಸ್‌ಬಾಲಿನ ಅಭಿಮಾನಿಗಳು ಮಾರಿಸನ ಹೆಸರನ್ನು ಎಷ್ಟೋ ಪ್ರೀತಿಯಿಂದ ಹೇಳುತ್ತಾರೆ. ಆ ಪ್ರೀತಿಯಲ್ಲಿ ಸ್ವಲ್ಪ ಭಾಗ ೧೯೬೧ರ ಅಕ್ಟೋಬರ್ ೧ರಂದೇ ದೊರೆತಿದ್ದರೆ ಆ ಇಪ್ಪತ್ತೇಳು ವರ್ಷದ ಹುಡುಗನ ತಲೆಗೂದಲು ಉಳಿಯುತ್ತಿತ್ತೋ ಏನೋ ತಿಳಿಯದು. ಮೈದಾನದಲ್ಲಿ ಖಾಲಿಯಿದ್ದ ನಲವತ್ತು ಸಾವಿರ ಆಸನಗಳಂತೂ ತುಂಬಿರುತ್ತಿದ್ದವು. ಅವನ್ನು ಈಗ ತುಂಬಿಸಲು ಯಾರಿಂದಲೂ ಸಾಧ್ಯವಿಲ್ಲ.